ಎರಡು ಮೀಟರಿನ ಪಟ್ಟಿ

ಕಡಲಿಗೆ ಇಳಿಯುವ ದಾರಿಗೆ ಅಡ್ಡ
ಒಂದು ಕಬ್ಬಿಣದ ಪಟ್ಟಿ, ಹಳದಿ ಕಪ್ಪು.
ಎರಡು ಮೀಟರು. ಅದಕ್ಕಿಂತ ಎತ್ತರದವರು
ಮೇಲೆಯೇ ನಿಲ್ಲಬೇಕು, ನನ್ನ ಹುಲ್ಲಿನ ಮೇಲೆ,
ರಾತ್ರಿಗೆ ಇಪ್ಪತ್ತೆಂಟು ಪೌಂಡು, ಕರೆಂಟು ಬೇರೆ.

ಹದಿನಾರು ಬೇಸಿಗೆ ಈ ಗೇಟು ಕಾದಿದ್ದೇನೆ
ಸ್ಕಾಟ್ಲೆಂಡಿನ ತುತ್ತತುದಿಯಲ್ಲಿ; ಇಲ್ಲಿಂದಾಚೆ
ಗಾಳಿಗೆ ಮಾತ್ರ ರಸ್ತೆ.
ಗಾಡಿ ನೋಡಿ ಬಂದವರನ್ನು ಅಳೆಯುವ
ಚಾಳಿ ಹತ್ತಿದೆ.
ಚಾಳಿ ಎಂದೆ, ಜಾಣತನ ಎನ್ನಲಿಲ್ಲ.

ಮಂಗಳವಾರ ಬಂದವನು ಲಾನಾರ್ಕಿನ ಟಾರ್ಕ್ವಿಲ್,
ಎಂಟು ಮೀಟರಿನ ಬಿಳಿ ಮೋಟರ್‌ಹೋಮು.
ನಲವತ್ತು ನಿಮಿಷ ಬೇಕಾಯಿತು ಅದು ನೆಲಕ್ಕೆ ಒಗ್ಗಲು:
ಚಕ್ರದಡಿ ಮಣೆ, ಮಟ್ಟಗೋಲಿನ ಗುಳ್ಳೆ ನಡುವಿಗೆ ಬರುವ ತನಕ
ಮುಂದೆ, ಹಿಂದೆ, ಒಂದಂಗುಲ ಮುಂದೆ.
ಹೆಂಡತಿ ನೆಟ್ಟಾ ಕೈಬೀಸಿ ದಾರಿ ತೋರುತ್ತಿದ್ದಳು,
ಮದುವೆಯಾದಾಗಿನಿಂದ ಬೀಸುತ್ತಲೇ ಇರುವವಳ ಹಾಗೆ.
ಆಮೇಲೆ ಕೇಬಲ್ಲು, ನೀರಿನ ಪೈಪು;
ಚಾವಣಿಯ ಡಿಶ್ಶು ತಲೆಯೆತ್ತಿ ಆಕಾಶ ಮೂಸಿತು.
ಒಳಗೆ ಓವನ್ನು, ಶವರು,
ನೆಟ್ಟಗೆ ನಿಂತು ಪ್ಯಾಂಟು ತೊಡಬಹುದಾದಷ್ಟು ಸೂರು.
ಇಷ್ಟೆಲ್ಲ ಹೊತ್ತು ತರುವುದಾದರೆ
ಮನೆಯಲ್ಲೇ ಇರಬಹುದಿತ್ತಲ್ಲ
ಎಂದುಕೊಂಡೆ, ರಸೀತಿ ಹರಿಯುತ್ತ.

ರೋನಾ ಬಂದದ್ದು ಕತ್ತಲಾದ ಮೇಲೆ—
ಜೂನಿನಲ್ಲಿ ಇಲ್ಲಿ ಕತ್ತಲಿಲ್ಲ, ಹನ್ನೊಂದಕ್ಕೆ ಎನ್ನಿ.
ಸಾಸಿವೆ ಬಣ್ಣದ ವ್ಯಾನು, ಒಂದು ಬಾಗಿಲಿಗೆ ಬೇರೆಯದೇ ಬಣ್ಣ.
ವಿಕ್ ಊರಿನಲ್ಲಿ ಮಾಡಿಗೆ ಕಲ್ಲಹಂಚು ಹೊದಿಸುವವಳು;
ದಿನವೂ ಪರರ ಸೂರು ಹತ್ತುವವಳಿಗೆ
ತನ್ನ ಸೂರು ಸೊಂಟದೆತ್ತರವಾದರೂ ಸೈ.
ಹ್ಯಾಂಡ್‌ಬ್ರೇಕು ಎಳೆದಳು. ಅಷ್ಟೇ, ಗೃಹಪ್ರವೇಶ.
ಒಂದೇ ಒಲೆ, ಒಂದೇ ಪಾತ್ರೆ: ಅದರಲ್ಲೇ ಚಹಾ,
ಅದರಲ್ಲೇ ಸೂಪು, ಬೆಳಿಗ್ಗೆ ಮುಖಕ್ಕೆ ನೀರೂ.
ಚಾಕು ಬೇಕಾದರೆ ಹಾಸಿಗೆ ಎತ್ತಬೇಕು,
ಹಾಸಿಗೆ ಎತ್ತಲು ಮೇಜು ಮಡಚಬೇಕು,
ಮೇಜು ಮಡಚಲು ನಾಯಿ ಇಳಿಯಬೇಕು,
ನಾಯಿಗೆ ಇಳಿಯುವ ಮನಸ್ಸಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚುವುದು
ಇವಳಿಗೆ ಗಾದೆಯಲ್ಲ, ದಿನಚರಿ.
ಆದರೆ ಚಾವಣಿ ಮಡಚಿದರೆ ವ್ಯಾನು
ಒಂದು ಮೀಟರು ತೊಂಬತ್ತೇಳು.
ನಸುಕಿಗೆ ಪಟ್ಟಿಯಡಿ ನುಸುಳಿ
ಅಲೆ ಟೈರು ನೆಕ್ಕುವಲ್ಲಿ ಹೋಗಿ ನಿಂತಳು.
ಮೂರು ಸೆಂಟಿಮೀಟರಿನ ಸ್ವಾತಂತ್ರ್ಯ.

ನಾನು ಯಾರ ಪಕ್ಷವೆಂದು ಬಿಡಿಸಿ ಹೇಳಬೇಕಿಲ್ಲ.

ಗುರುವಾರ ರಾತ್ರಿ ಎರಡೂವರೆಗೆ ಫ್ಯೂಸು ಹೋಯಿತು.
ನೆಟ್ಟಾ ನನ್ನ ಕಿಟಕಿ ಬಡಿದಳು, ಬರಿಗಾಲು,
ಕರೆಂಟು ಎಂದಳು, ಮತ್ತೇನೂ ಹೇಳಲಿಲ್ಲ.
ಟಾರ್ಚು ಹಿಡಿದು ಹೋದೆ. ಬಾಗಿಲು ತೆರೆದೇ ಇತ್ತು.
ಮಂಚದ ಪಕ್ಕ ಸೂಟ್‌ಕೇಸಿನಷ್ಟು ಒಂದು ಯಂತ್ರ ಕೂಗುತ್ತಿತ್ತು,
ಅದರಿಂದ ಹೊರಟ ನಳಿಗೆ ಅವನ ಹೊಟ್ಟೆಗೆ.
ಕೆಟ್ಟ ಮೂತ್ರಪಿಂಡದ ಕೆಲಸವನ್ನು
ರಾತ್ರಿಯಿಡೀ ಅದು ಮಾಡಬೇಕಂತೆ,
ತುಂಬಿ, ಬಸಿದು, ಮತ್ತೆ ತುಂಬಿ.
ಮಂಚದಡಿ ದ್ರಾವಣದ ಪೆಟ್ಟಿಗೆಗಳು, ಗೋಡೆಯ ಹಾಗೆ ಪೇರಿಸಿದ್ದು.
ಅದಕ್ಕೇ ನೆಲ ಮಟ್ಟ ಬೇಕು, ನಲ್ಲಿ ಬೇಕು.
"ಕಡಲು ಕೇಳಿಸುತ್ತೆ," ಎಂದ ಟಾರ್ಕ್ವಿಲ್ ಮಲಗಿದಲ್ಲಿಂದಲೇ,
"ಕಾಣಿಸೋದೊಂದು ಬಾಕಿ."

ನಾನು ರೋನಾಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ.
ಬಹುಶಃ ಹೇಳಿದೆ.
ಬೆಳಿಗ್ಗೆ ನಾಯಿಯನ್ನು ಹಿಂದಕ್ಕೆ ತಳ್ಳಿ
ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಳು.
ಆರಡಿ ಮೂರಂಗುಲದವನು ಚಾಕುವಿನಂತೆ ಮಡಚಿ ಕೂತ.
ವ್ಯಾನು ಪಟ್ಟಿಯಡಿ ಹಾಯುವಾಗ
ಇಬ್ಬರೂ ತಲೆ ತಗ್ಗಿಸಿದರು, ಅಗತ್ಯವಿಲ್ಲದಿದ್ದರೂ.

ನೆಟ್ಟಾ ಹೋಗಲಿಲ್ಲ.
ಮೆಟ್ಟಿಲ ಮೇಲೆ ಕೂತಿದ್ದಳು ಎರಡು ತಾಸು,
ಕೈ ಮಡಿಲಲ್ಲಿ, ಬೀಸಲು ಯಾರೂ ಇಲ್ಲದೆ.
ಚಹಾ ತಂದು ಕೊಡಲೇ ಎಂದೆ. ಬೇಡ ಎಂದಳು.
ಆ ಬೇಡದಲ್ಲಿ ಎಂಥ ಸುಖವಿತ್ತು.

ಹಣೆಯಲ್ಲಿ ಬುಗುಟಿನೊಡನೆ ಮರಳಿದ ಅವನು
ಸೂಪಿನ ವಾಸನೆಯ ಚಹಾವನ್ನು ಊಟದ ತನಕ ಹೊಗಳಿದ.
ರೋನಾ ಬುಧವಾರದ ಬಾಡಿಗೆ ಕೊಡದೇ ಹೋದಳು.

ಶನಿವಾರ ಪಟ್ಟಿಗೆ ಹೊಸ ಬಣ್ಣ ಬಳಿದೆ.
ಟೇಪು ಕೈಲಿತ್ತು, ಸುಮ್ಮನೆ ಹಿಡಿದು ನೋಡಿದೆ:
ಎರಡು ಮೀಟರು ಆರು ಸೆಂಟಿಮೀಟರು.
ಹದಿನಾರು ವರ್ಷ ತಪ್ಪಳತೆಯಲ್ಲಿ
ಎಷ್ಟು ಜನರನ್ನು ಹಿಂದೆ ಕಳಿಸಿದೆನೋ.
ಫಲಕ ತಿದ್ದಬೇಕು.
ಬಣ್ಣ ಮುಗಿದಿತ್ತು.